ಸುಗ್ಗಿಯಲ್ಲೂ ತೃಪ್ತಿ, ಬರದಲ್ಲೂ ತೃಪ್ತಿ: ಮನೆ ಕೂಟಕ್ಕೆ ನಾಲ್ಕು ವಾರದ ಪಾಠ ಹೇಗೆ ಕಟ್ಟೋದು?

ಕಣದಕಲ್ಲು_ದಾವಣಗೆರೆ
ಎಲ್ಲರಿಗೂ ವಂದನೆ. ಊರ ಅಂಚಿನ ಒಂದು ಮನೆ ಪ್ರಾರ್ಥನಾ ಕೂಟಕ್ಕೆ ಫಿಲಿಪ್ಪಿ ಪತ್ರಿಕೆ (ಬೈಬಲಿನಲ್ಲಿ ಪೌಲ ಸೆರೆಯಿಂದ ಫಿಲಿಪ್ಪಿ ಊರಿನ ಸಭೆಗೆ ಬರೆದದ್ದು) 4ನೇ ಅಧ್ಯಾಯದ ಮೇಲೆ ನಾಲ್ಕು ವಾರದ ಪಾಠ ಬೇಕಾಗಿದೆ. ಒಟ್ಟು 12 ಮನೆ. ಏಳು ಮನೆಯವರು ಮೆಕ್ಕೆಜೋಳ ಹಾಕೋರು, ಮೂರು ಮನೆಯವರು ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋಗೋರು, ಇನ್ನೆರಡು ಮನೆಗೆ ಚನ್ನಗಿರಿ ಕಡೆ ಅಡಿಕೆ ತೋಟ. ಜೋಳ ಮಾರಿದ ಮೇಲೆ ಒಂದೆರಡು ತಿಂಗಳು ಕೈ ತುಂಬಿರುತ್ತೆ, ಯುಗಾದಿ ಹೊತ್ತಿಗೆ ಖಾಲಿ. ಇರೋರು ಇಲ್ಲದೋರು ಒಂದೇ ಚಾಪೆ ಮೇಲೆ ಕೂರ್ತಾರೆ. ವಾರಕ್ಕೆ 45 ನಿಮಿಷ ಸಿಗುತ್ತೆ. ಉಪದೇಶ ಸಾಕಷ್ಟು ಕೇಳಿದ್ದಾರೆ, ಮನೆಗೆ ಹೋಗಿ ಮಾಡೋವಂಥದ್ದು ಬೇಕು. ಎಲ್ಲಿ ಎಡವುತ್ತೆ ಅನ್ನೋದನ್ನೂ ದಯವಿಟ್ಟು ಹೇಳಿ.

ಹಳೇ_ಉಪದೇಶಕ
ಮೊದಲ ಎಡವಟ್ಟು ಆಗೋದೇ 13ನೇ ವಚನದಲ್ಲಿ. "ಎಲ್ಲಕ್ಕೂ ಶಕ್ತನಾಗಿದ್ದೇನೆ" ಅನ್ನೋ ಮಾತನ್ನ ಕ್ಯಾಲೆಂಡರಿಗೆ, ಆಟೋ ಹಿಂದಿನ ಗಾಜಿಗೆ ಅಂಟಿಸಿ ಅಂಟಿಸಿ ಅದು ಪರೀಕ್ಷೆ ಪಾಸಾಗೋ ಮಂತ್ರದ ಹಾಗೆ ಆಗಿಬಿಟ್ಟಿದೆ. ಅದಕ್ಕೇ 10ರಿಂದ 20ನೇ ವಚನದವರೆಗೆ ಒಂದೇ ಉಸಿರಿಗೆ ಓದಿಸಿ. ಆಗ ಆ "ಎಲ್ಲಕ್ಕೂ" ಅಂದ್ರೆ ಏನು ಅಂತ ತಾನೇ ಗೊತ್ತಾಗುತ್ತೆ: ಹೊಟ್ಟೆ ತುಂಬಿರೋದಕ್ಕೂ ಹಸಿದಿರೋದಕ್ಕೂ, ಅಷ್ಟೇ.

ಇನ್ನು 11 ಮತ್ತು 12ರಲ್ಲಿ ಎರಡು ಮಾತು ಹಿಡ್ಕೊಳ್ಳಿ. "ಕಲಿತಿದ್ದೇನೆ" ಅಂತಾನೆ ಪೌಲ. ಅಂದ್ರೆ ಮೊದಲು ಬರ್ತಿರಲಿಲ್ಲ. ಹುಟ್ಟುಗುಣ ಅಲ್ಲ ಅದು, ಸ್ವಭಾವ ಶಾಂತ ಇರೋರಿಗೆ ಮಾತ್ರ ಸಿಗೋ ವರ ಅಲ್ಲ. ಮುಂದಿನ ವಚನದಲ್ಲಿ "ಗುಟ್ಟು ತಿಳಿದಿದ್ದೇನೆ" ಅನ್ನೋ ಅರ್ಥದ ಗ್ರೀಕ್ ಮಾತು ಬರುತ್ತೆ. ಆಗಿನ ಗುಪ್ತ ಪಂಥಗಳಲ್ಲಿ ದೀಕ್ಷೆ ಕೊಡೋವಾಗ ಬಳಸ್ತಿದ್ದ ಪದ ಅದು. "ತೃಪ್ತ" ಅನ್ನೋದಕ್ಕಿರೋ ಗ್ರೀಕ್ ಪದ ಸ್ತೋಯಿಕ ತತ್ವಜ್ಞಾನಿಗಳದ್ದು. ಅವರ ಬಾಯಲ್ಲಿ ಅದಕ್ಕೆ "ಯಾರ ಹಂಗೂ ಬೇಡ, ನನಗೆ ನಾನೇ ಸಾಕು" ಅಂತ ಅರ್ಥ. ಪೌಲ ಆ ಪದ ತಗೊಂಡು ತಲೆಕೆಳಗು ಮಾಡ್ತಾನೆ. ನನ್ನ ಬಲ ನಂದಲ್ಲ ಅಂತಾನೆ. 14ನೇ ವಚನದಲ್ಲಿ, ನೀವು ನನ್ನ ಕಷ್ಟದಲ್ಲಿ ಪಾಲು ತಗೊಂಡಿದ್ದು ಒಳ್ಳೇದಾಯ್ತು ಅಂತಾನೆ. ನನಗೇನೂ ಬೇಡ ಅಂತ ಕೈ ಅಡ್ಡ ಹಿಡಿಯಲ್ಲ.

ರೋಮಿನವರ ಸೆರೆಯಲ್ಲಿ ಊಟ ಬಟ್ಟೆಗೆ ಹೊರಗಿನವರೇ ಗತಿ. ಫಿಲಿಪ್ಪಿ ಸಭೆಯವರು ಕಳಿಸಿದ ಎಪಫ್ರೊದೀತ ಕಾಣಿಕೆ ಹೊತ್ಕೊಂಡು ಬಂದು, ಕಾಯಿಲೆ ಬಿದ್ದು ಸಾಯೋ ಹಂತಕ್ಕೆ ಹೋಗಿದ್ದ (ಅಧ್ಯಾಯ 2). 18ನೇ ವಚನದಲ್ಲಿ "ನನಗೆ ಎಲ್ಲವೂ ಮುಟ್ಟಿದೆ" ಅಂತ ಬರುತ್ತಲ್ಲ, ಅದು ಆ ಕಾಲದ ರಸೀದಿಯ ಭಾಷೆ. ನಮ್ಮ ಮಂಡಿಯಲ್ಲಿ ಲೆಕ್ಕ ಚುಕ್ತಾ ಆದ ಮೇಲೆ "ಮುಟ್ಟಿತು" ಅಂತ ಬರೆದು ಕೊಡೋ ಚೀಟಿ ಇದೆಯಲ್ಲ, ಅದೇ. ಜೋಳ ಮಾರೋರಿಗೆ ಇದನ್ನ ವಿವರಿಸಬೇಕಾಗಿಲ್ಲ, ಚೀಟಿ ತೋರಿಸಿದ್ರೆ ಸಾಕು.

ಲೆಕ್ಕದಪುಸ್ತಕ
ಪಾಠದ ಕ್ರಮದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಎಲ್ಲರೂ ಕೊರತೆಯಿಂದ ಶುರು ಮಾಡ್ತಾರೆ. ಬೇಡ. ಸಮೃದ್ಧಿಯ ಪಾಠ ಮೊದಲ ವಾರ ಬರಲಿ, ಅದೂ ಜೋಳದ ದುಡ್ಡು ಕೈಗೆ ಬಂದ ವಾರವೇ. ದುಡ್ಡು ಖರ್ಚಾದ ಮೇಲೆ ಸಮೃದ್ಧಿ ಬಗ್ಗೆ ಮಾತಾಡೋದು ಕೊಯ್ಲು ಆದ ಮೇಲೆ ಬೇಲಿ ಹಾಕಿದ ಹಾಗೆ.

ಪಾಠ ಅಂದ್ರೆ ಲೆಕ್ಕವೇ. ಬೋರ್ಡ್ ಮೇಲೆ ಹೀಗೆ ಬರೀರಿ. ಯಾರ ಮನೇದೂ ಅಲ್ಲ, ಸುಮ್ಮನೆ ಉದಾಹರಣೆ. 4 ಎಕರೆ, ಎಕರೆಗೆ 20 ಕ್ವಿಂಟಲ್, ಒಟ್ಟು 80 ಕ್ವಿಂಟಲ್. ಕ್ವಿಂಟಲಿಗೆ 2,000 ಸಿಕ್ಕಿದ್ರೆ 1,60,000. ಈಗ ಕಳೀತಾ ಹೋಗಿ. ಕೊಯ್ಲಿನ ಕೂಲಿ ಬಾಕಿ 12,000. ಗೊಬ್ಬರದ ಅಂಗಡಿ ಬಾಕಿ 28,000. ಕೈಸಾಲ 40,000. ಉಳಿದದ್ದು 80,000. ಕಾಣಿಕೆ 16,000 ತೆಗೆದಿಟ್ರೆ 64,000. ಮುಂದಿನ ಮುಂಗಾರಿಗೆ ಬೀಜ (ಎಕರೆಗೆ 8 ಕೆಜಿ ಲೆಕ್ಕದಲ್ಲಿ 32 ಕೆಜಿ), ಗೊಬ್ಬರ, ಉಳುಮೆ ಸೇರಿ 24,000. ಉಳಿದ 40,000ವನ್ನ ಹತ್ತು ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 4,000.

ಒಂದು ಲಕ್ಷದ ಅರವತ್ತು ಸಾವಿರ ಅಂತ ಕಂಡಿದ್ದು ನಿಜವಾಗಿ ತಿಂಗಳಿಗೆ ನಾಲ್ಕು ಸಾವಿರ. ಇದು ಗೊತ್ತಾಗದೆ ಡಿಸೆಂಬರಿನಲ್ಲಿ ಬೈಕಿಗೆ ಮುಂಗಡ ಕಟ್ಟೋದು, ಏಪ್ರಿಲಿನಲ್ಲಿ "ದೇವರು ಯಾಕೆ ಕೈಬಿಟ್ಟ" ಅಂತ ಪ್ರಾರ್ಥನೆ ಮಾಡಿಸೋದು. ಲೂಕ 12ರ ಐಶ್ವರ್ಯವಂತ ಕಣಜ ದೊಡ್ಡದು ಮಾಡೋಕೆ ಹೊರಟಾಗ ಲೆಕ್ಕದಲ್ಲಿ ಸೇರಿಸದೇ ಬಿಟ್ಟದ್ದು ಎರಡು: ಸಾವು, ಪಕ್ಕದ ಮನೆ. ಆ ಕಥೆಯಲ್ಲಿ ಅವನು ಮಾತಾಡೋದೆಲ್ಲ ತನ್ನ ಜೊತೆ ತಾನೇ, ಗಮನಿಸಿ.

ಮಾಡೋ ಕೆಲಸ: ಹತ್ತು ಲಕೋಟೆ, ಮೇಲೆ ತಿಂಗಳ ಹೆಸರು, ಒಳಗೆ 4,000. ಕ್ರಿಸ್ಮಸ್ ಬಟ್ಟೆಗೆ ಅಂತ ಜನವರಿಯ ಲಕೋಟೆಗೆ ಕೈ ಹಾಕೋದು ಸಹಜ. ಹಾಕಿದ್ರೆ ಎಷ್ಟು, ಯಾತಕ್ಕೆ ಅಂತ ಆ ಲಕೋಟೆ ಮೇಲೇ ಬರೀಬೇಕು. ಬರೆಯೋಕೆ ಮುಜುಗರ ಆಯ್ತೋ, ಅರ್ಧ ಖರ್ಚು ಅಲ್ಲೇ ನಿಲ್ಲುತ್ತೆ.

ತುಂಗಭದ್ರೆ_ದಂಡೆ
ಅಣ್ಣಾ, ಕಾಣಿಕೆ ನಾಲ್ಕನೇ ಸಾಲಿನಲ್ಲಿ ಬಂತಲ್ಲ? ಜ್ಞಾನೋಕ್ತಿ 3:9 ಪ್ರಥಮ ಫಲ ಅನ್ನುತ್ತೆ. ಮೊದಲು ತೆಗೆದಿಡಬೇಕು.

ಲೆಕ್ಕದಪುಸ್ತಕ
ಕೂಲಿಯವರ ದುಡ್ಡು ನಮ್ಮ ಫಲವೇ ಅಲ್ಲ. ಅದು ಅವರದ್ದು, ನಮ್ಮ ಜೇಬಲ್ಲಿ ಇದೆ ಅಷ್ಟೇ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ರ ಇರಬಾರದು ಅಂತ ಯಾಜಕಕಾಂಡ 19:13. ತಂದೆತಾಯಿಗೆ ಕೊಡಬೇಕಾದ್ದನ್ನ "ಕೊರ್ಬಾನ್" ಅಂತ ದೇವರ ಹೆಸರಿಗೆ ಬರೆದು ತಪ್ಪಿಸಿಕೊಳ್ಳೋರನ್ನ ಯೇಸು ಮಾರ್ಕ 7ರಲ್ಲಿ ಬಿಡಲ್ಲ. ಗೊಬ್ಬರದ ಅಂಗಡಿ ಬಾಕಿ ಮತ್ತು ಕೈಸಾಲಕ್ಕಿಂತ ಮೊದಲು ಕಾಣಿಕೆ ಅಂದ್ರೆ ಒಪ್ಪಿದೆ, ಆ ಸಾಲುಗಳನ್ನ ಬದಲಾಯಿಸಿ. ಕೂಲಿಗಿಂತ ಮೊದಲು ಅಂದ್ರೆ ಒಪ್ಪಲ್ಲ.

ತುಂಗಭದ್ರೆ_ದಂಡೆ
ಸರಿ. ಕೂಲಿ, ಆಮೇಲೆ ಕಾಣಿಕೆ, ಆಮೇಲೆ ಸಾಲ. ಅಷ್ಟಕ್ಕೆ ನಿಲ್ಲಿಸೋಣ, ಇಲ್ಲಾಂದ್ರೆ ಚರ್ಚೆ ದಶಮಾಂಶದ (ಆದಾಯದ ಹತ್ತನೇ ಒಂದು ಪಾಲು ಕೊಡೋದು) ಕಡೆ ಓಡುತ್ತೆ.

ದುರ್ಗದ_ಮಳೆನೆರಳು
ಸಾಲದ ವಿಷಯದಲ್ಲಿ ಇನ್ನೊಂದಿಷ್ಟು ಸೇರಿಸ್ತೀನಿ. "ಮೂರು ರೂಪಾಯಿ ಬಡ್ಡಿ" ಅನ್ನೋದು ಕಿವಿಗೆ ಸಣ್ಣದಾಗಿ ಕೇಳುತ್ತೆ. 40,000ಕ್ಕೆ ತಿಂಗಳಿಗೆ 1,200, ವರ್ಷಕ್ಕೆ 14,400. ಐದು ರೂಪಾಯಿ ಅಂದ್ರೆ ವರ್ಷಕ್ಕೆ ನೂರಕ್ಕೆ ಅರವತ್ತು. ಪತ್ತಿನ ಸಹಕಾರ ಸಂಘದ ಬೆಳೆಸಾಲ ಗಡುವಿನೊಳಗೆ ಕಟ್ಟಿದ್ರೆ ಬಡ್ಡಿಯೇ ಇಲ್ಲ, ಗಡುವು ದಾಟಿದ್ರೆ ಬೀಳುತ್ತೆ. ಹಂಗಾಗಿ ಸುಗ್ಗಿ ದುಡ್ಡಲ್ಲಿ ಯಾವುದು ಮೊದಲು ತೀರಬೇಕು ಅನ್ನೋದು ಬಡ್ಡಿ ಮತ್ತು ಗಡುವು ನೋಡಿ ತೀರ್ಮಾನ ಆಗಬೇಕು. ಯಾರು ಜೋರಾಗಿ ಬಾಗಿಲು ಬಡೀತಾರೆ ಅನ್ನೋದನ್ನ ನೋಡಿ ಅಲ್ಲ.

ವಾರದ ಸಂಘಗಳ (ಮೈಕ್ರೋಫೈನಾನ್ಸ್) ಕಂತು ಕಟ್ಟೋರಿಗೆ: ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟೋ ಹಾಗೆ ಸಾಲ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಮನೆಗೆ 9,000 ಬರೋದಾದ್ರೆ ಕಂತು 4,500 ಮೀರಬಾರದು. ನಾಲ್ಕು ಕಡೆ ನಾಲ್ಕು ಪಾಸ್‌ಬುಕ್ ಇದ್ರೆ ಈ ಲೆಕ್ಕ ಯಾರಿಗೂ ಕಾಣಲ್ಲ. ಒಂದು ಹಾಳೆ ಮೇಲೆ ನಾಲ್ಕನ್ನೂ ಬರೆಯೋದೇ ಮನೆಗೆ ಕೊಡೋ ಪಾಠ.

ಎಚ್ಚರ: ಈ ಹಾಳೆಯನ್ನ ಕೂಟದಲ್ಲಿ ಓದಿಸಬೇಡಿ. ಸಾಲ ಹೇಳ್ಕೊಳ್ಳೋ ನಾಚಿಕೆಗೆ ಮುಂದಿನ ವಾರ ಜನ ಬರೋದೇ ನಿಲ್ಲಿಸ್ತಾರೆ. ಗಂಡ ಹೆಂಡತಿ ಮನೇಲಿ ಬಾಗಿಲು ಹಾಕ್ಕೊಂಡು ಬರೀಲಿ.

ಭಟ್ಟಿಹೊಗೆ
ಒಂದು ನೇರ ಪ್ರಶ್ನೆ ಕೇಳ್ತೀನಿ, ಬೇಜಾರಾಗಬೇಡಿ. ಲಕೋಟೆಗೆ ಹಾಕೋಕೆ ಏನೂ ಇಲ್ಲದ ಆ ಮೂರು ಮನೆಗೆ ತೃಪ್ತಿಯ ಪಾಠ ಅಂದ್ರೆ "ಬಾಯಿ ಮುಚ್ಕೊಂಡಿರಿ" ಅಂತ ತಾನೇ? ಅಡಿಕೆ ತೋಟದವರು ತಲೆ ಆಡಿಸ್ತಾರೆ, ಭಟ್ಟಿಯವರು ತಲೆ ತಗ್ಗಿಸ್ತಾರೆ.

ಹಳೇ_ಉಪದೇಶಕ
ಬೇಜಾರು ಯಾಕೆ ತಮ್ಮಾ, ಕೇಳಬೇಕಾದ ಪ್ರಶ್ನೆಯೇ. "ನಿಮ್ಮ ಸಂಬಳದಲ್ಲೇ ತೃಪ್ತರಾಗಿರಿ" ಅಂತ ಸ್ನಾನಿಕ ಯೋಹಾನ ಹೇಳಿದ್ದು (ಲೂಕ 3:14) ಯಾರಿಗೆ ನೋಡಿ. ಕೂಲಿಯವರಿಗಲ್ಲ, ಜನರನ್ನ ಹೆದರಿಸಿ ದುಡ್ಡು ಕಿತ್ಕೊಳ್ಳೋ ಸಿಪಾಯಿಗಳಿಗೆ. 1 ತಿಮೊಥೆಯ 6ರಲ್ಲಿ ಊಟ ಬಟ್ಟೆ ಇದ್ರೆ ಸಾಕು ಅಂದ ಕೂಡಲೇ ಮುಂದಿನ ವಚನದ ಪೆಟ್ಟು ಐಶ್ವರ್ಯವಂತರಾಗಬೇಕು ಅಂತ ಹೊರಟವರ ಮೇಲೆ; 17ರಿಂದ 19ರವರೆಗೆ ಈಗಾಗಲೇ ಐಶ್ವರ್ಯ ಇರೋರಿಗೆ ಹಂಚೋಕೆ ಆಜ್ಞೆ. ಹಿಡಿದಿಟ್ಟ ಕೂಲಿ ಕೂಗ್ತಿದೆ ಅಂತ ಯಾಕೋಬ 5:4. ದಾಸನಾಗಿದ್ದೋನಿಗೂ ಪೌಲ 1 ಕೊರಿಂಥ 7:21ರಲ್ಲಿ, ಚಿಂತೆ ಮಾಡಬೇಡ ಅಂತಾನೆ, ಬಿಡುಗಡೆ ಆಗೋ ದಾರಿ ಇದ್ರೆ ಅದನ್ನೂ ಹಿಡಿ ಅಂತಾನೆ.

ಆದ್ದರಿಂದ ಒಂದು ನಿಯಮ ಇಟ್ಕೊಳ್ಳಿ: ತೃಪ್ತಿಯ ಮಾತನ್ನ ಅವರವರ ಆಸೆ ಬಗ್ಗೆ ಆಡಬೇಕು, ಇನ್ನೊಬ್ಬರ ಕೂಲಿ ಬಗ್ಗೆ ಆಡಬಾರದು. ಸರಿಯಾದ ಕೂಲಿ ಕೇಳೋದು ಅತೃಪ್ತಿ ಅಲ್ಲ. ಕೂಟ ನಡೆಸೋರು ಇದನ್ನ ಮೊದಲ ವಾರವೇ, ಇರೋರ ಮುಂದೆಯೇ ಬಾಯಿಬಿಟ್ಟು ಹೇಳಬೇಕು.

ಕಣದಕಲ್ಲು_ದಾವಣಗೆರೆ
ಬರ್ಕೊಂಡೆ. ಎರಡನೇ ವಾರಕ್ಕೆ ಮನ್ನದ ಪಾಠ ಅಂದ್ಕೊಂಡಿದ್ದೀನಿ (ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನಕ್ಕೆ ಕೊಟ್ಟ ಆಹಾರ, ನಾಳೆಗೆ ಬಚ್ಚಿಟ್ಟರೆ ಕೆಡ್ತಿತ್ತಲ್ಲ, ಅದು). ಮಕ್ಕಳೂ ಇರ್ತಾರೆ.

ಬೆಣ್ಣೆನಗರಿ_ಅಕ್ಕ
ಮನ್ನಕ್ಕೆ ನಮ್ಮೂರಲ್ಲಿ ಮಂಡಕ್ಕಿಗಿಂತ ಒಳ್ಳೇ ಸಾಧನ ಬೇಕಾ? ವಿಮೋಚನಕಾಂಡ 16ರ ಓಮೆರ್ ಅನ್ನೋ ಅಳತೆ ಅಂದ್ರೆ ಏಫ ಅನ್ನೋ ದೊಡ್ಡ ಅಳತೆಯ ಹತ್ತನೇ ಒಂದು ಭಾಗ, ಸುಮಾರು 2 ಲೀಟರ್. ತಲೆಗೆ ಒಂದು. ಎರಡು ಲೀಟರಿನ ಡಬ್ಬಿ ಒಂದು ತಗೊಂಡು ಹೋಗಿ, ಗರಿಗರಿ ಮಂಡಕ್ಕಿ ತುಂಬಿಸಿ ತೋರಿಸಿ: "ಒಬ್ಬರಿಗೆ ಒಂದು ದಿನಕ್ಕೆ ಇಷ್ಟು." ಆಮೇಲೆ ಅದರಲ್ಲಿ ಎರಡು ಹಿಡಿ ತಟ್ಟೆಗೆ ಹಾಕಿ ರಾತ್ರಿ ಅಂಗಳದಲ್ಲಿ ತೆರೆದಿಡೋಕೆ ಒಂದು ಮಗುವಿಗೆ ಹೇಳಿ. ಇಬ್ಬನಿ ಬೀಳೋ ಕಾಲ. ಬೆಳಿಗ್ಗೆ ಬಾಯಿಗೆ ಹಾಕಿದ್ರೆ ಹಲ್ಲಿಗೆ ಅಂಟುತ್ತೆ, ತೊಗಲಿನ ಹಾಗೆ. ಮನ್ನ ಇಳಿದಿದ್ದೂ ಇಬ್ಬನಿ ಜೊತೆಯೇ, 13 ಮತ್ತು 14ನೇ ವಚನ ಓದಿಸಿ. ಮನ್ನಕ್ಕೆ ಹುಳ ಬಿತ್ತು, ಮಂಡಕ್ಕಿ ಮೆತ್ತಗಾಗುತ್ತೆ. ವ್ಯತ್ಯಾಸ ಇದೆ ಅಂತ ಮಕ್ಕಳೇ ಹೇಳ್ತಾವೆ, ಹೇಳಲಿ.

ಎಡವೋದು ಇಲ್ಲಿ: ಮಕ್ಕಳು ಮನೆಗೆ ಹೋಗಿ "ಕೂಡಿಡೋದು ಪಾಪ" ಅಂತಾರೆ, ಅಪ್ಪ ಬಿತ್ತನೆ ಬೀಜದ ದುಡ್ಡು ಇಟ್ಟಿರೋ ಡಬ್ಬಿ ನೋಡಿ. ಅದಕ್ಕೆ ಅದೇ ಅಧ್ಯಾಯದ ಆರನೇ ದಿನವನ್ನೂ ಓದಿ. ಆವತ್ತು ಎರಡರಷ್ಟು ಕೂಡಿಸಿದ್ದು ಕೆಡಲಿಲ್ಲ. ಹೇಳಿದಾಗ ಕೂಡಿಟ್ಟದ್ದು ಬೇರೆ, ನಾಳೆ ಕೊಡ್ತಾನೋ ಇಲ್ವೋ ಅಂತ ಬಚ್ಚಿಟ್ಟದ್ದು ಬೇರೆ. ಐಗುಪ್ತದಲ್ಲಿ ಬರ ಬರೋಕೆ ಮುಂಚೆ ಯೋಸೇಫನೂ ಸಮೃದ್ಧಿಯ ಏಳು ವರ್ಷ ಧಾನ್ಯದ ಐದನೇ ಒಂದು ಭಾಗ ಎತ್ತಿಟ್ಟ.

ಲೆಕ್ಕದಪುಸ್ತಕ
ಯೋಸೇಫನ ಉದಾಹರಣೆ ಕೊಡೋರು ಆದಿಕಾಂಡ 41ಕ್ಕೆ ನಿಲ್ಲಿಸ್ತಾರೆ. 47 ಓದಿ. ಅದೇ ಧಾನ್ಯ ಕೊಳ್ಳೋಕೆ ಜನ ಮೊದಲು ಹಣ, ಆಮೇಲೆ ದನ, ಆಮೇಲೆ ಹೊಲ, ಕೊನೆಗೆ ತಮ್ಮನ್ನೇ ಫರೋಹನಿಗೆ ಮಾರಿಕೊಂಡ್ರು. ಕಣಜದ ಬೀಗದ ಕೈ ಒಬ್ಬನ ಹತ್ರ ಮಾತ್ರ ಇದ್ರೆ ಏನಾಗುತ್ತೆ ಅನ್ನೋದೂ ಅಲ್ಲೇ ಬರೆದಿದೆ.

ದುರ್ಗದ_ಮಳೆನೆರಳು
ಮೂರನೇ ವಾರ ಕೊರತೆಗೆ ಇಡಿ. ಕೊರತೆಯ ಪಾಠಕ್ಕೆ ಹಬಕ್ಕೂಕ 3:17-18 ಎಲ್ಲರಿಗೂ ಬಾಯಿಪಾಠ: ಅಂಜೂರ ಚಿಗುರದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ಉಲ್ಲಾಸಿಸುವೆನು. ಆದ್ರೆ ಅದು ಪುಸ್ತಕದ ಕೊನೆ. ಶುರುವಿನಲ್ಲಿ, 1:2ರಲ್ಲಿ, "ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳ್ತಿಲ್ಲ" ಅಂತ ಜಗಳ ಇದೆ. ಜಗಳ ಹಾರಿಸಿ ಉಲ್ಲಾಸಕ್ಕೆ ಹೋದ್ರೆ ಅದು ನಾಟಕ ಆಗುತ್ತೆ.

ಕ್ರಮ ಹೀಗಿರಲಿ. 13ನೇ ಕೀರ್ತನೆ ಚಿಕ್ಕದು, ಆರೇ ವಚನ. 1-2 ದೂರು, 3-4 ಬೇಡಿಕೆ, 5-6 ಭರವಸೆ. ಮೊದಲ ಹತ್ತು ನಿಮಿಷ ದೂರು ಮಾತ್ರ. ಪ್ರತಿಯೊಬ್ಬರೂ ಒಂದು ವಾಕ್ಯ, ದೇವರಿಗೆ ನೇರವಾಗಿ. ಐದು ನಿಮಿಷ ಬೇಡಿಕೆ: ಮೊತ್ತ, ವಸ್ತು, ದಿನಾಂಕ ಸಮೇತ. "ಆಶೀರ್ವದಿಸು ಕರ್ತನೆ" ಅಂತ ತೇಲಿಸೋದಲ್ಲ. "ಸೋಮವಾರದೊಳಗೆ ಶಾಲೆ ಫೀಸಿಗೆ 1,500 ಬೇಕು" ಅನ್ನೋ ಥರ. ಕೊನೆಗೆ 5-6 ಎಲ್ಲರೂ ಒಟ್ಟಿಗೆ ಓದಿ ಮುಗಿಸಿ, ವಿವರಣೆ ಬೇಡ.

ಕೆಡಿಸೋರು ಯಾರು ಅಂದ್ರೆ, ಯಾರಾದ್ರೂ ದೂರು ಹೇಳ್ತಿದ್ದ ಹಾಗೇ ಮಧ್ಯೆ "ಸ್ತೋತ್ರ ಹೇಳಿ ಅಕ್ಕಾ, ಎಲ್ಲ ಒಳ್ಳೇದಾಗುತ್ತೆ" ಅನ್ನೋರು. ಅವರಿಗೆ ಮೊದಲೇ ತಿಳಿಸಿಡಿ.

ಹಬಕ್ಕೂಕನ ವಚನವನ್ನ ನಮ್ಮ ಬೆಳೆಗೆ ತಿರುಗಿಸಿ ಬರೆಸಬಹುದು. ಚಳ್ಳಕೆರೆ ಕಡೆಯವರು "ಶೇಂಗಾ ಕಾಯಿ ಜೊಳ್ಳಾದರೂ" ಅಂತ ಬರೀತಾರೆ. ಹೂವಿನಿಂದ ಇಳಿದ ಸೂಜಿ ಮಣ್ಣಿಗೆ ಹೋಗೋ ಹೊತ್ತಿಗೆ ಮಳೆ ಕೈಕೊಟ್ರೆ ಬಳ್ಳಿ ಹಸಿರಾಗೇ ಇರುತ್ತೆ, ಕಿತ್ತು ನೋಡಿದ್ರೆ ಕಾಯಿ ಇಲ್ಲ. ಆ ಒಂದು ಸಾಲಿಗೆ ಅಲ್ಲಿ ಯಾವ ವ್ಯಾಖ್ಯಾನವೂ ಬೇಕಾಗಲ್ಲ. ಹಿರಿಯೂರಿನವರಿದ್ರೆ ಮಾರಿಕಣಿವೆ ಅಣೆಕಟ್ಟು ನೆನಪಿಸಿ. 1933ರಲ್ಲಿ ಕೋಡಿ ಬಿದ್ದ ವಾಣಿ ವಿಲಾಸ ಸಾಗರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 89 ವರ್ಷಕ್ಕೆ. ಕೋಡಿ ಬಿದ್ದ ಮೇಲೆ ತೃಪ್ತಿ ಪಡ್ತೀನಿ ಅಂತ ಕೂತಿದ್ರೆ ಮೂರು ತಲೆಮಾರು ಹೋಗ್ತಿತ್ತು.

ಹರಿಹರ_ಜಪಮಾಲೆ
ನಮ್ಮ ಕಥೋಲಿಕ ಪದ್ಧತಿಯಿಂದ ಒಂದು. ರಾತ್ರಿಯ ಆತ್ಮಶೋಧನೆ, ಸಂತ ಇಗ್ನೇಷಿಯಸ್ ಕಲಿಸಿದ ಐದು ಹೆಜ್ಜೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನ ತಿರುವಿ ನೋಡೋದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಹತ್ತು ನಿಮಿಷ. ತೃಪ್ತಿಯ ಪಾಠಕ್ಕೆ ಮೂರನೇ ಹೆಜ್ಜೆಯಲ್ಲಿ ಒಂದೇ ಪ್ರಶ್ನೆ ಇಡಿ: "ಇವತ್ತು ಯಾರ ಮನೆಯ ಯಾವ ವಸ್ತು ನೋಡಿ ನನ್ನದು ಸಣ್ಣದಾಗಿ ಕಂಡಿತು?" ವಸ್ತುವಿನ ಹೆಸರೇ ಹೇಳಬೇಕು. ಬಹಳ ಸಲ ಅದು ಎದುರುಗಡೆ ಮನೆಯಲ್ಲಿರಲ್ಲ, ಫೋನಿನಲ್ಲಿರುತ್ತೆ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ 40 ದಿನ ನಮ್ಮ ಕಡೆ ಸರಿಯಾಗಿ ಕೈ ಖಾಲಿಯಾಗೋ ತಿಂಗಳಲ್ಲೇ ಬರುತ್ತೆ. ಶುಕ್ರವಾರ ಮಾಂಸ ಬಿಟ್ಟು ಉಳಿದ ದುಡ್ಡನ್ನ ಡಬ್ಬಿಗೆ ಹಾಕೋ ಪದ್ಧತಿ ಇದೆ. ಮಾಂಸ ಬಿಟ್ಟು ಪನ್ನೀರ್ ತಂದ್ರೆ ಡಬ್ಬಿಗೆ ಏನೂ ಬೀಳಲ್ಲ, ಇದನ್ನ ನಗ್ತಾ ಹೇಳಿ ಸಾಕು.

ತುಂಗಭದ್ರೆ_ದಂಡೆ
ಸುಗ್ಗಿ ಆರಾಧನೆಯ ಹರಾಜಿನ ಬಗ್ಗೆ ಯಾರೂ ಮಾತಾಡ್ಲಿಲ್ಲ. ಫಲ ತಂದು ಇಡೋದು ಚೆಂದ. ಆಮೇಲೆ ಮೈಕ್ ಹಿಡಿದು ಒಂದು ಗೊನೆ ಬಾಳೆಹಣ್ಣು ಸಾವಿರದ ಮೇಲೆ ಏರಿಸೋವಾಗ ಅದು ಕಾಣಿಕೆಯಾ, ಮೀಸೆ ತಿರುವೋದಾ? ಕೂಲಿ ಮನೆಯವರು ತಂದ ಸೇರು ರಾಗಿ ಮೂಲೆಯಲ್ಲೇ ಉಳೀತದೆ.

ಬೆಣ್ಣೆನಗರಿ_ಅಕ್ಕ
ಹರಾಜು ನಿಲ್ಲಿಸೋಕೆ ಹೋದ್ರೆ ಜಗಳ. ಬದಲಾಯಿಸಬಹುದು. ಪ್ರತಿ ವಸ್ತುವಿನ ಮುಂದೆ ಮುಚ್ಚಿದ ಡಬ್ಬಿ, ಬೇಕಾದವರು ಚೀಟಿಯಲ್ಲಿ ಮೊತ್ತ ಬರೆದು ಹಾಕಲಿ, ಸಭೆ ಮುಗಿದ ಮೇಲೆ ಇಬ್ಬರು ಹಿರಿಯರು ತೆರೆದು ನೋಡಲಿ, ಮೊತ್ತ ಕೂಗಬಾರದು. ಕಾಳುಕಡಿಯನ್ನ ಹರಾಜಿಗೇ ಹಾಕಬೇಡಿ, ನೇರ ಅಕ್ಕಿ ಡಬ್ಬಿಗೆ ಹೋಗಲಿ.

ಭಟ್ಟಿಹೊಗೆ
ಅಕ್ಕಿ ಡಬ್ಬಿ ಅಂದ್ರೆ?

ಬೆಣ್ಣೆನಗರಿ_ಅಕ್ಕ
ಹಿಡಿ ಅಕ್ಕಿ ಕಾಣಿಕೆ. ನಾಲ್ಕನೇ ವಾರಕ್ಕೆ ಇದೇ ಸರಿ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ವಾಪಸ್ ತೆಗೆದು ಬೇರೆ ಡಬ್ಬಿಗೆ ಹಾಕೋದು. ಹೊಸದಾಗಿ ಚೀಲದಿಂದ ತೆಗೆದು ಹಾಕಿದ್ರೆ ಅದು ದಾನ, ಅಳೆದದ್ದರಿಂದ ತೆಗೆದ್ರೆ ನಮ್ಮ ತಟ್ಟೆಯ ಪಾಲು. ಮಿಜೋರಾಂ ಸಭೆಗಳಲ್ಲಿ ಇದು ನೂರು ವರ್ಷದ ಪದ್ಧತಿ. ಹಿಡಿಗೆ 50 ಗ್ರಾಂ ಹಿಡಿದ್ರೂ ದಿನಕ್ಕೆ ಎರಡು ಹೊತ್ತು, ತಿಂಗಳಿಗೆ 3 ಕೆಜಿ. 12 ಮನೆಗೆ 36 ಕೆಜಿ. ಕೂಲಿ ಮನೆಯವರೂ ಹಾಕ್ತಾರೆ, ಹಾಕಬೇಕು. ಬರೀ ತಗೊಳ್ಳೋರು ಅಂತ ಆ ಮೂರು ಮನೆಯನ್ನ ಬೇರೆ ಇಡಬೇಡಿ.

ಕೆಡೋದು ಎರಡು ಕಡೆ. ಒಂದು, ಹುಳ. ಸೋನಾಮಸೂರಿ, ರೇಷನ್ ಅಕ್ಕಿ, ಹಳೇದು ಹೊಸದು ಬೆರೆತು ಎರಡು ತಿಂಗಳು ಕೂತರೆ ಹುಳ ಗ್ಯಾರಂಟಿ. ಒಣಗಿದ ಬೇವಿನ ಸೊಪ್ಪು ಹಾಕಿ, ತಿಂಗಳಿಗೊಮ್ಮೆ ಖಾಲಿ ಮಾಡಿ. ರಾಗಿ ಜೋಳಕ್ಕೆ ಬೇರೆ ಡಬ್ಬಿ. ಇನ್ನೊಂದು, ಕೊಡೋ ರೀತಿ. ಭಾನುವಾರ ಎಲ್ಲರ ಮುಂದೆ ಹೆಸರು ಕೂಗಿ ಕೊಟ್ರೆ ಒಂದೇ ಸಲಕ್ಕೆ ಮುಗೀತು. ಯಾರಿಗೆ ಅಂತ ಇಬ್ಬರಿಗೆ ಮಾತ್ರ ಗೊತ್ತಿರಲಿ, ಕತ್ತಲಾದ ಮೇಲೆ ಮನೆಗೆ ಮುಟ್ಟಲಿ.

ಹಳೇ_ಉಪದೇಶಕ
ಅಕ್ಕ ಹೇಳಿದ್ದಕ್ಕೆ ವಚನ 2 ಕೊರಿಂಥ 9:8. ಅಲ್ಲಿ "ಬೇಕಾದಷ್ಟು" ಅನ್ನೋದು ಫಿಲಿಪ್ಪಿ 4:11ರ "ತೃಪ್ತ" ಪದದ ಒಡಹುಟ್ಟಿದ್ದೇ, ಅದೇ ಗ್ರೀಕ್ ಬೇರು. ಸಾಕಷ್ಟು ಇರೋದು ಯಾತಕ್ಕೆ ಅಂದ್ರೆ ಸತ್ಕಾರ್ಯಕ್ಕೆ ಅಂತಾನೆ. ಸಾವಿರ ಬಿತ್ತಿದ್ರೆ ಲಕ್ಷ ಬರುತ್ತೆ ಅನ್ನೋ "ಬೀಜ ಕಾಣಿಕೆ"ಯವರೂ ಇದೇ ಅಧ್ಯಾಯ ಹಿಡೀತಾರೆ, ಎಂಟನೇ ವಚನದ ಕೊನೇ ಭಾಗ ಓದಲ್ಲ. ಅವರು ತೋರಿಸೋ ಮಾರ್ಕ 10:30ರ ನೂರರಷ್ಟರ ಜೊತೆ "ಹಿಂಸೆಗಳೊಂದಿಗೆ" ಅನ್ನೋ ಮಾತೂ ಇದೆ. ಕೂಟದಲ್ಲಿ ಯಾರಾದ್ರೂ ಆ ಮಾತು ಎತ್ತಿದ್ರೆ ವಾದ ಬೇಡ, ಎರಡು ವಚನ ಪೂರ್ತಿ ಓದಿಸಿ.

ಮತ್ತೆ, ನಾಲ್ಕನೇ ವಾರ ತಗೊಳ್ಳೋದನ್ನೂ ಕಲಿಸಿ. ಅಕ್ಕಿ ಮುಟ್ಟಿದ ಮನೆಯವರು ಪೌಲನ ಹಾಗೆ "ಮುಟ್ಟಿತು" ಅಂತ ಒಂದು ಚೀಟಿ ಬರೆದು, ಹೆಸರಿಲ್ಲದೆ ಡಬ್ಬಿಗೆ ಹಾಕಲಿ. ಕೊಟ್ಟವರಿಗೆ ಯಾರ ಮನೆ ಅಂತ ಗೊತ್ತಾಗಲ್ಲ, ಮುಟ್ಟಿದ್ದು ಗೊತ್ತಾಗುತ್ತೆ.

ಭಟ್ಟಿಹೊಗೆ
ಇದು ಒಪ್ಪಿದೆ ಗುರುಗಳೇ.

ಕಣದಕಲ್ಲು_ದಾವಣಗೆರೆ
ಎಲ್ಲರಿಗೂ ಧನ್ಯವಾದ. ಲಕೋಟೆ, ಮಂಡಕ್ಕಿ, 13ನೇ ಕೀರ್ತನೆ, ಹಿಡಿ ಅಕ್ಕಿ, ಈ ಕ್ರಮದಲ್ಲೇ ಹೋಗ್ತೀನಿ. ಬೇವಿನ ಸೊಪ್ಪು ಈಗಲೇ ಒಣಗಿಸೋಕೆ ಹೇಳಿದ್ದೀನಿ. ಎರಡನೇ ವಾರಕ್ಕೆ ಎರಡು ಲೀಟರ್ ಮಂಡಕ್ಕಿ ಸಾಕಲ್ವಾ ಅಕ್ಕಾ?

ಬೆಣ್ಣೆನಗರಿ_ಅಕ್ಕ
ನಾಲ್ಕು ತಗೊಳ್ಳಿ. ವಿಮೋಚನಕಾಂಡ 16 ಓದಿ ಮುಗಿಸೋದರೊಳಗೆ ಮಕ್ಕಳು ಅರ್ಧ ಖಾಲಿ ಮಾಡಿರ್ತಾರೆ.